ಪಂಪ್‌ಸೆಟ್ಟಿನ ಪೆಟ್ಟಿಗೆ, ಪಡಸಾಲೆಯ ಗಡಿಯಾರ

ರಾತ್ರಿ ಪಾಳಿಯ ಕರೆಂಟ್ ಬಂತೆಂದರೆ ರಟ್ಟೀಹಳ್ಳಿ ಸುತ್ತಿನ ಊರುಗಳಲ್ಲಿ ನಿದ್ದೆಯೂ ಎರಡು ಪಾಳಿಯಾಗುತ್ತದೆ. ಕೃಷಿ ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಕೊಡಬೇಕೆಂಬುದು ಸರ್ಕಾರದ ಲೆಕ್ಕ. ಆ 7 ತಾಸು ಹಗಲಿಗೆ ಬೀಳುತ್ತವೋ ನಡುರಾತ್ರಿಗೆ ಬೀಳುತ್ತವೋ ಎಂಬುದು ವಿದ್ಯುತ್ ಕಂಪನಿ ಹೆಸ್ಕಾಂನ ಪಾಳಿಗೆ ಬಿಟ್ಟದ್ದು. ಗೋವಿನಜೋಳಕ್ಕೆ ನೀರು ಹಾಯಿಸಬೇಕಾದವರು ಸರಿರಾತ್ರಿಯಲ್ಲಿ ಎದ್ದು, ಪಡಸಾಲೆಯ ಗೋಡೆ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ, ಬ್ಯಾಟರಿ ಹಿಡಿದು ಹೊಲದ ದಾರಿ ಹಿಡಿಯುತ್ತಾರೆ. ಬೋರಿನ ಬದಿಯ ಪೆಟ್ಟಿಗೆಯಲ್ಲಿ ಹಸಿರು ಗುಂಡಿ ಒತ್ತಿದರೆ ಟಕ್ ಎಂದು ಸದ್ದಾಗಿ ಮೋಟಾರು ತಿರುಗುತ್ತದೆ.

ಆ ಪೆಟ್ಟಿಗೆಗೆ ರೈತರ ಬಾಯಲ್ಲಿ ‘ಎಲ್ ಅಂಡ್ ಟಿ ಸ್ಟಾರ್ಟರ್’ ಎಂದೇ ಹೆಸರು. ಆದರೆ 2024ರಲ್ಲಿ ಆ ಸ್ಟಾರ್ಟರಿನ ಬ್ರ್ಯಾಂಡ್ ಹೆಸರು ಬದಲಾಯಿತು. ಈಗ ಹೊಸ ಸ್ಟಾರ್ಟರುಗಳು ಬರುತ್ತಿರುವುದು ‘ಲೌರಿಟ್ಜ್ ಕ್ನುಡ್ಸೆನ್’ ಹೆಸರಿನಲ್ಲಿ. ನಾಲಿಗೆಗೆ ಸುಲಭವಾಗಿ ಒಗ್ಗದ ಈ ಹೆಸರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ದಾರಿ ಡೆನ್ಮಾರ್ಕಿನ ಒಂದು ಗಡಿಯಾರದ ಎದುರು ತಂದು ನಿಲ್ಲಿಸುತ್ತದೆ.

ಲೌರಿಟ್ಜ್ ಕ್ನುಡ್ಸೆನ್ 1893ರಲ್ಲಿ ಕೋಪನ್‌ಹೇಗನ್ನಿನಲ್ಲಿ ಶುರುವಾದ ವಿದ್ಯುತ್ ಸಾಮಗ್ರಿಯ ಕಂಪನಿ. 1939ರಲ್ಲಿ ಈ ಕಂಪನಿಗಾಗಿ ಆರ್ನೆ ಯಾಕೋಬ್ಸೆನ್ ಎಂಬ ವಾಸ್ತುಶಿಲ್ಪಿ ಒಂದು ವಿದ್ಯುತ್ ಗಡಿಯಾರ ವಿನ್ಯಾಸ ಮಾಡಿದರು. ಮೇಜಿನ ಮೇಲಿಡುವ ಗಡಿಯಾರ ಅದು. ಕಂಪನಿಯ ಹೆಸರಿನ ಮೊದಲಕ್ಷರಗಳೇ ಅದಕ್ಕೆ ಹೆಸರಾಗಿ ನಿಂತವು: ಎಲ್‌ಕೆ. ಡೆನ್ಮಾರ್ಕಿನ ಆಧುನಿಕ ಗಡಿಯಾರಗಳ ಕಥೆ ಹೇಳುವವರು ಬಹಳ ಸಲ ಅಲ್ಲಿಂದಲೇ ಶುರು ಮಾಡುತ್ತಾರೆ. ಅದೇ ಕೈಯಿಂದ ಮುಂದಿನ 32 ವರ್ಷಗಳಲ್ಲಿ ಹುಟ್ಟಿದ ಗಡಿಯಾರದ ಮುಖಗಳು ಇಂದು ಜಗತ್ತಿನ ಎಷ್ಟೋ ಮನೆಗಳ ಗೋಡೆಯ ಮೇಲಿವೆ.

ಹೆಸರು ಹೊಲಕ್ಕೆ ಬಂದ ಬಗೆ

ಲಾರ್ಸೆನ್ ಅಂಡ್ ಟೂಬ್ರೊ ಎಂಬ ಹೆಸರಿನಲ್ಲಿರುವ ಇಬ್ಬರೂ ಡೆನ್ಮಾರ್ಕಿನವರೇ. ಹೆನಿಂಗ್ ಹೋಲ್ಕ್-ಲಾರ್ಸೆನ್ ರಸಾಯನ ಎಂಜಿನಿಯರ್, ಸೋರೆನ್ ಕ್ರಿಸ್ಟಿಯನ್ ಟೂಬ್ರೊ ಸಿವಿಲ್ ಎಂಜಿನಿಯರ್. ಸಿಮೆಂಟ್ ಯಂತ್ರ ಮಾಡುವ ಡೇನಿಷ್ ಕಂಪನಿಯೊಂದರ ಕೆಲಸದ ಮೇಲೆ ಭಾರತಕ್ಕೆ ಬಂದವರು 1938ರಲ್ಲಿ ಮುಂಬೈಯಲ್ಲಿ ಪಾಲುದಾರಿಕೆ ಹೂಡಿದರು. ತಮ್ಮ ದೇಶದ ಡೇರಿ ಯಂತ್ರಗಳನ್ನು ಇಲ್ಲಿ ತರಿಸಿ ಮಾರುವುದು ಆರಂಭದ ವ್ಯಾಪಾರ. 1940ರ ಏಪ್ರಿಲ್‌ನಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದಾಗ ಸರಕು ಬರುವುದು ನಿಂತಿತು. ಆಗ ಅವರು ಇಲ್ಲಿಯೇ ಯಂತ್ರ ತಯಾರಿಸಲು ತೊಡಗಿದರು. ಮುಂದೆ ಆ ಕಂಪನಿಯ ಸ್ವಿಚ್‌ಗೇರ್ ವಿಭಾಗ ಕಾರ್ಖಾನೆ, ಹೊಲ, ಗಿರಣಿ ಎಲ್ಲೆಡೆ ಮುಟ್ಟಿತು.

ಅತ್ತ ಕೋಪನ್‌ಹೇಗನ್ನಿನ ಲೌರಿಟ್ಜ್ ಕ್ನುಡ್ಸೆನ್ ಫ್ರಾನ್ಸಿನ ಷ್ನೈಡರ್ ಎಲೆಕ್ಟ್ರಿಕ್ ಕಂಪನಿಯ ಪಾಲಾಗಿತ್ತು. 2020ರಲ್ಲಿ ಅದೇ ಷ್ನೈಡರ್ ಎಲ್ ಅಂಡ್ ಟಿಯ ವಿದ್ಯುತ್ ವಿಭಾಗವನ್ನೂ ಕೊಂಡಿತು. ಹಳೆಯ ಹೆಸರು ಬಿಟ್ಟು ಹೊಸ ಹೆಸರಿಡುವ ಸಮಯ ಬಂದಾಗ ಅದರ ಕೈಯಲ್ಲಿದ್ದ ಡೇನಿಷ್ ಹೆಸರೇ ಒದಗಿತು. ಹೀಗೆ ಗಡಿಯಾರಕ್ಕೆ ಅಂಟಿದ ಎಲ್‌ಕೆ ಎಂಬ ಎರಡಕ್ಷರ ನಮ್ಮ ಕಡೆಯ ಕುಮುದ್ವತಿ ಹೊಳೆ ದಂಡೆಯ ಬೋರ್‌ವೆಲ್ ಪಕ್ಕಕ್ಕೂ ಬಂದು ಕೂತಿದೆ.

ಕಿವಿಯ ಕಾಲ, ಕಣ್ಣಿನ ಕಾಲ

ಯಾಕೋಬ್ಸೆನ್ ಗಡಿಯಾರಗಳ ವಿಶೇಷ ಅರಿಯಬೇಕಾದರೆ ಮೊದಲು ನಮ್ಮ ಮಾತಿನಲ್ಲಿ ಕಾಲ ಹೇಗೆ ಕೂತಿದೆ ಎಂದು ನೋಡಬೇಕು. ಹಾವೇರಿ, ಧಾರವಾಡದ ಕಡೆ ‘ಒಂದು ಗಂಟೆ ಕಾಯ್ದೆ’ ಎನ್ನುವುದಕ್ಕಿಂತ ‘ಒಂದು ತಾಸು ಕಾಯ್ದೆ’ ಎನ್ನುವವರೇ ಹೆಚ್ಚು. ಈ ‘ತಾಸು’ ಮರಾಠಿಯ ಮೂಲಕ ಬಂದ ಮಾತು. ಅದರ ಬೇರು ಲೋಹದ ಬಟ್ಟಲು ಎಂಬ ಅರ್ಥದ ‘ತಾಸ್’ ಎಂಬ ಪಾರಸಿ ಪದದಲ್ಲಿದೆ. ‘ಗಳಿಗೆ’, ‘ಗಡಿಯಾರ’ ಎರಡರ ಹಿಂದೆಯೂ ‘ಘಟ’, ಅಂದರೆ ಕೊಡ, ಇದೆ. ‘ಗಂಟೆ’ ಎಂದರಂತೂ ಬಾರಿಸುವ ಗಂಟೆಯೇ.

ಬಟ್ಟಲಿಗೂ ಕೊಡಕ್ಕೂ ಕಾಲಕ್ಕೂ ನಂಟು ಬೆಳೆದದ್ದು ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸಣ್ಣ ತೂತಿರುವ ತೆಳು ಲೋಹದ ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಬಿಡುತ್ತಿದ್ದರು. ನೀರು ಒಳಗೇರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಮುಳುಗಿದ್ದನ್ನು ಕಂಡವನು ಜಾಗಟೆ ಬಾರಿಸಿದರೆ ಊರಿಗೆ ಹೊತ್ತು ಗೊತ್ತಾಗುತ್ತಿತ್ತು. ಬಟ್ಟಲನ್ನು ನೋಡುವವನು ಒಬ್ಬ, ಹೊತ್ತನ್ನು ಕೇಳಿಸಿಕೊಳ್ಳುವವರು ನೂರಾರು. ನಮ್ಮ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರವನ್ನು ಕಲ್ಲಿನಲ್ಲಿ ಕೊರೆದು ಕಣ್ಣಿಗೆ ಕಟ್ಟಿಕೊಟ್ಟವು. ದಿನದೊಳಗಿನ ಹೊತ್ತು ಮಾತ್ರ ಶತಮಾನಗಳ ಕಾಲ ಕಿವಿಯ ಪಾಲಿಗೇ ಉಳಿಯಿತು.

ಲೋಲಕದ ಗೋಡೆ ಗಡಿಯಾರ ಬಂದ ಮೇಲೂ ಈ ರೂಢಿ ಒಮ್ಮೆಲೇ ಬಿಡಲಿಲ್ಲ. ಜರ್ಮನಿಯ ಯುಂಗ್‌ಹಾನ್ಸ್, ಅಮೆರಿಕದ ಅನ್ಸೋನಿಯಾದಂಥ ಕಂಪನಿಗಳ ಗಡಿಯಾರಗಳು ಉಳ್ಳವರ ಪಡಸಾಲೆ ಸೇರಿದಾಗ ಮನೆಯವರಿಗೆ ಬೇಕಾದದ್ದು ಅದು ಹೊಡೆಯುವ ಗಂಟೆ. ವಾರಕ್ಕೊಮ್ಮೆ ಸ್ಟೂಲ್ ಹತ್ತಿ ಚಾವಿ ಕೊಡುವುದು ಯಜಮಾನರ ಕೆಲಸ. ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುವವರು ಕಣ್ಣೆತ್ತದೆಯೇ ಏಟು ಎಣಿಸಿ ಹೊತ್ತು ತಿಳಿಯುತ್ತಿದ್ದರು. ಕೆತ್ತನೆಯ ಮರದ ಪೆಟ್ಟಿಗೆ, ಬಳ್ಳಿಯಂಥ ಮುಳ್ಳು, ಹಿತ್ತಾಳೆಯ ಲೋಲಕ: ಅದೊಂದು ಸಿಂಗರಿಸಿದ ದೇವರ ಮಂಟಪದಂತಿರುತ್ತಿತ್ತು. ಸದ್ದು ಮಾಡಿ ಹೊತ್ತು ಹೇಳುವ ಗಡಿಯಾರಕ್ಕೆ ಮುಖ ಎಷ್ಟು ಸಿಂಗಾರವಾಗಿದ್ದರೂ ನಡೆಯುತ್ತದೆ.

ಸದ್ದಿಲ್ಲದ ಗಡಿಯಾರಕ್ಕೆ ಆ ಸೌಕರ್ಯ ಇಲ್ಲ. ಅದು ಹೇಳುವುದನ್ನೆಲ್ಲ ಮುಖದಲ್ಲಿಯೇ ಹೇಳಬೇಕು. ಯಾಕೋಬ್ಸೆನ್ ಕೈ ಹಾಕಿದ್ದು ಈ ಪ್ರಶ್ನೆಗೆ.

ಬಿಳಿ ಬಣ್ಣದ ಕೋಣೆ

ಆರ್ನೆ ಯಾಕೋಬ್ಸೆನ್ ಹುಟ್ಟಿದ್ದು 1902ರ ಫೆಬ್ರುವರಿ 11ರಂದು, ಕೋಪನ್‌ಹೇಗನ್ನಿನಲ್ಲಿ. ಚಿಕ್ಕಂದಿನಲ್ಲಿ ತನ್ನ ಕೋಣೆಯ ಹೂಬಳ್ಳಿಯ ಗೋಡೆ ಕಾಗದದ ಮೇಲೆಲ್ಲ ಬಿಳಿ ಬಣ್ಣ ಬಳಿದ ಹುಡುಗ ಎಂದು ಅವರ ಬಗ್ಗೆ ಹೇಳುತ್ತಾರೆ. ಮೊದಲು ಗಾರೆ ಕೆಲಸ ಕಲಿತು, ಆಮೇಲೆ ರಾಯಲ್ ಅಕಾಡೆಮಿಯಲ್ಲಿ ವಾಸ್ತುಶಿಲ್ಪ ಓದಿದರು. ಇಟ್ಟಿಗೆಯ ಮೇಲೆ ಕೈ ಪಳಗಿದ್ದರಿಂದಲೋ ಏನೋ, ಕಟ್ಟಡ ಕೊಟ್ಟರೆ ಅದರ ಬಾಗಿಲ ಹಿಡಿಕೆ, ದೀಪ, ಕುರ್ಚಿ, ಚಮಚದವರೆಗೂ ತಾವೇ ಬಿಡಿಸುವ ಹಟ ಅವರದು. ಹೋಟೆಲು, ಕೆಫೆಗಳಲ್ಲಿ ಇಂದು ಕಾಣುವ, ಒಂದೇ ಹಲಗೆಯನ್ನು ಬಾಗಿಸಿದಂತಿರುವ ಎಷ್ಟೋ ಕುರ್ಚಿಗಳಿಗೆ ಅವರ 1952ರ ‘ಇರುವೆ’ ಕುರ್ಚಿ ಮತ್ತು 1955ರ ‘ಸರಣಿ 7’ ಮಾದರಿ. ಗಡಿಯಾರವೂ ಅವರ ಕಣ್ಣಿಗೆ ಕಟ್ಟಡದ ಒಂದು ಅಂಗವಾಗಿಯೇ ಕಂಡಿತು.

ಎಲ್‌ಕೆಯ ಹಿಂದೆಯೇ 1940ರ ದಶಕದ ಆರಂಭದಲ್ಲಿ ‘ಸ್ಟೇಷನ್’ ಎಂಬ ಗಡಿಯಾರ ಬಂತು. ಹೆಸರೇ ಹೇಳುವಂತೆ ಇದು ರೈಲು ನಿಲ್ದಾಣದ ಗಡಿಯಾರದ ಜಾತಿ: ಬಿಳಿ ಮುಖ, ಸ್ಪಷ್ಟ ಕಪ್ಪು ಅಂಕಿಗಳು 1ರಿಂದ 12, ಅಂಚಿಗೆ ನಿಮಿಷದ ಗೆರೆಗಳು. ಚೀಲ ಹೊತ್ತು ಓಡುತ್ತ ಬರುವವನಿಗೆ ದೂರದಿಂದಲೇ ಕಾಣಬೇಕು ಎಂಬ ಒಂದೇ ಗುರಿ. ಹಾವೇರಿಯ ಹಾದಿಯಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಾಗ ಇಲ್ಲಿನವರಿಗೂ ನಿಮಿಷದ ಬೆಲೆ ತಿಳಿಸಿದ್ದು ನಿಲ್ದಾಣದ ಗಡಿಯಾರವೇ. ಗಳಿಗೆ, ಜಾವದ ಅಂದಾಜಿನಲ್ಲಿ ರೈಲು ಹಿಡಿಯಲು ಬರುವುದಿಲ್ಲ.

ಮುಂದಿನ ಕಥೆ ಆರ್ಹುಸ್ ನಗರದ್ದು. ಅಲ್ಲಿನ ಪುರಭವನವನ್ನು ಯಾಕೋಬ್ಸೆನ್ ಮತ್ತು ಎರಿಕ್ ಮೊಲ್ಲರ್ ಜೊತೆಯಾಗಿ ವಿನ್ಯಾಸ ಮಾಡಿದರು. ಅವರ ಮೊದಲ ನಕ್ಷೆಯಲ್ಲಿ ಗೋಪುರವೇ ಇರಲಿಲ್ಲ. ಪುರಭವನ ಎಂದ ಮೇಲೆ ಗೋಪುರ ಬೇಡವೇ ಎಂದು ಜನ ಪಟ್ಟು ಹಿಡಿದರು. ಕೊನೆಗೆ 60 ಮೀಟರ್ ಎತ್ತರದ ಗೋಪುರ ಎದ್ದಿತು, ಕಟ್ಟಡಕ್ಕೆ ನಾರ್ವೆಯ ಬೂದು ಅಮೃತಶಿಲೆಯ ಹೊದಿಕೆಯೂ ಬಂತು. ಆದರೆ ಗಡಿಯಾರವನ್ನು ಅವರು ತುದಿಗೆ ಏರಿಸಲಿಲ್ಲ. ಗೋಪುರದ ಅರ್ಧ ಎತ್ತರದ ಆಸುಪಾಸಿನಲ್ಲಿ, ಬೀದಿಯಲ್ಲಿ ನಡೆಯುವವರ ನೋಟಕ್ಕೆ ಹತ್ತಿರವಾಗಿ ಕೂರಿಸಿದರು. ಆ ಕಟ್ಟಡಕ್ಕಾಗಿ 1942ರಲ್ಲಿ ಮೂಡಿದ ಮುಖವೇ ‘ರೋಮನ್’. ರೋಮನ್ ಅಂಕಿಗಳನ್ನು ತೆಳ್ಳಗೆ, ಉದ್ದಕ್ಕೆ ಎಳೆದಿರುವುದರಿಂದ ದೂರಕ್ಕೆ ಅವು ಅಕ್ಷರವಾಗಿ ಕಾಣದೆ ಗೆರೆಗಳಾಗಿ ಕಾಣುತ್ತವೆ.

ಮುಂದಿನ ವರ್ಷ ಯಾಕೋಬ್ಸೆನ್ ದೇಶ ಬಿಡಬೇಕಾಯಿತು. ಯಹೂದಿ ಮೂಲದವರಾಗಿದ್ದ ಅವರು 1943ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು, ಸಣ್ಣ ದೋಣಿಯಲ್ಲಿ ಓರೆಸುಂಡ್ ಜಲಸಂಧಿ ದಾಟಿ ಸ್ವೀಡನ್ ಸೇರಿದರು. ಗಡಿಯಾರಗಳ ಜಾಗದಲ್ಲಿ ಕೆಲವು ವರ್ಷ ಬಟ್ಟೆ, ಗೋಡೆ ಕಾಗದಗಳಿಗೆ ಗಿಡ ಹೂವಿನ ಚಿತ್ತಾರ ಬರೆದರು. ಬಾಲ್ಯದಲ್ಲಿ ಬಿಳಿ ಬಳಿದು ಅಳಿಸಿದ್ದ ಹೂಬಳ್ಳಿಗಳೇ ಆ ಕಷ್ಟಕಾಲದಲ್ಲಿ ಅವರ ಕೈಗೆ ಮರಳಿ ಬಂದವು.

ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ, 1956ರಲ್ಲಿ, ಕೋಪನ್‌ಹೇಗನ್ನಿನ ಹೊರವಲಯದ ರೋಡೋವ್ರೆ ಪುರಭವನಕ್ಕೆ ಇನ್ನೊಂದು ಗಡಿಯಾರ ಬಿಡಿಸಿದರು. ‘ಸಿಟಿ ಹಾಲ್’ ಎಂಬ ಹೆಸರಿನ ಈ ಮುಖದಲ್ಲಿ ಅಂಕಿಯೇ ಇಲ್ಲ. ಗಂಟೆಗೊಂದು ಕಪ್ಪು ಗೆರೆ, ಅಷ್ಟೇ.

ವಿಚಿತ್ರವೆಂದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 1955ರ ಡಿಸೆಂಬರ್ 15ರಂದು, ಕೋಪನ್‌ಹೇಗನ್ ಪುರಭವನದಲ್ಲಿ ತೀರ ಬೇರೆ ಬಗೆಯ ಗಡಿಯಾರವೊಂದು ಓಡಲು ಶುರುವಾಗಿತ್ತು. ಯೆನ್ಸ್ ಓಲ್ಸೆನ್ ಎಂಬ ಕುಶಲಕರ್ಮಿ ಬದುಕಿಡೀ ಲೆಕ್ಕ ಹಾಕಿ ರೂಪಿಸಿದ ‘ವಿಶ್ವ ಗಡಿಯಾರ’ ಅದು. ಸೂರ್ಯೋದಯ, ಸೂರ್ಯಾಸ್ತ, ಗ್ರಹಣ, ಗ್ರಹಗಳ ಸ್ಥಾನ ಎಲ್ಲವನ್ನೂ ತೋರಿಸುವ, ನಮ್ಮ ಪಂಚಾಂಗವೇ ಯಂತ್ರವಾದಂಥ ಸೃಷ್ಟಿ. ಅದರ ಒಂದು ಚಕ್ರ ಸುತ್ತು ಮುಗಿಸಲು 25,753 ವರ್ಷ ಬೇಕು. ಓಲ್ಸೆನ್ 1945ರಲ್ಲಿಯೇ ತೀರಿಕೊಂಡಿದ್ದರಿಂದ ಅದು ಓಡುವುದನ್ನು ಅವರು ನೋಡಲಿಲ್ಲ. ಒಂದೇ ದೇಶ, ಒಂದೇ ಕಾಲ. ಒಬ್ಬರು ಆಕಾಶವನ್ನೆಲ್ಲ ಗಡಿಯಾರದೊಳಗೆ ತುಂಬಿದರು, ಇನ್ನೊಬ್ಬರು ಅಂಕಿಗಳನ್ನೂ ಹೊರಗಿಟ್ಟರು.

ಯಾಕೋಬ್ಸೆನ್ನರ ಕೊನೆಯ ಗಡಿಯಾರ ‘ಬ್ಯಾಂಕರ್ಸ್’. ಡೆನ್ಮಾರ್ಕಿನ ರಾಷ್ಟ್ರೀಯ ಬ್ಯಾಂಕಿನ ಹೊಸ ಕಟ್ಟಡಕ್ಕೆಂದು ರೂಪಿಸಿದ್ದು. ಇದರಲ್ಲಿ ಪ್ರತಿ ಗಂಟೆಯ ಗುರುತೂ ಪುಟ್ಟ ಚೌಕಗಳ ಒಂದು ಸಾಲು, ಸಾಲಿಗೆ ಒಂದು ಚೌಕ ಮಾತ್ರ ಕಪ್ಪು ತುಂಬಿದ್ದು. ಗಂಟೆಯಿಂದ ಗಂಟೆಗೆ ಆ ಕರಿ ಚೌಕ ಒಂದೊಂದೇ ಹೆಜ್ಜೆ ಸರಿಯುವುದರಿಂದ ಒಟ್ಟಿಗೆ ನೋಡಿದರೆ ಮುಖದ ಮೇಲೊಂದು ಸುರುಳಿ ಕಾಣುತ್ತದೆ. ನಡುವೆ ಒಂದು ಕೆಂಪು ಚುಕ್ಕೆ. ಯಾಕೋಬ್ಸೆನ್ 1971ರ ಮಾರ್ಚ್ 24ರಂದು ತೀರಿಕೊಂಡರು. ಬ್ಯಾಂಕ್ ಕಟ್ಟಡದ ಉಳಿದ ಕೆಲಸವನ್ನು ಅವರ ಜೊತೆಗಿದ್ದವರು 1978ರಲ್ಲಿ ಮುಗಿಸಿದರು.

ಅಂಕಿ ತೆಗೆದರೆ ಉಳಿಯುವುದೇನು

ಅಂಕಿ, ಆಮೇಲೆ ಅಂಕಿಯಂಥ ಗೆರೆ, ಆಮೇಲೆ ಬರೀ ಗೆರೆ, ಕೊನೆಗೆ ಚೌಕ. ಈ ಸರಣಿಯನ್ನು ನೋಡಿದರೆ ಯಾಕೋಬ್ಸೆನ್ ಒಂದು ಸರಳ ಸಂಗತಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದಂತಿದೆ: ಗಡಿಯಾರ ನೋಡುವಾಗ ನಾವು ಅಂಕಿ ಓದುವುದೇ ಇಲ್ಲ, ಮುಳ್ಳುಗಳ ನಡುವಿನ ಕೋನ ಓದುತ್ತೇವೆ. ಕನ್ನಡಿಗರಿಗೆ ಇದಕ್ಕೆ ಸಾಕ್ಷಿ ಮೈಸೂರಿನಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ 75 ಅಡಿಯ ದೊಡ್ಡ ಗಡಿಯಾರದ ಮುಖದ ಮೇಲಿರುವುದು ಕನ್ನಡ ಅಂಕಿಗಳು. ದುಂಡು ದುಂಡಾದ ೧, ೬, ೯ ದೂರಕ್ಕೆ ಒಂದನ್ನೊಂದು ಹೋಲಬಹುದು. ಕನ್ನಡ ಅಂಕಿ ಬಾರದ ಪ್ರವಾಸಿಗೆ ಅವು ಬರಿಯ ಚಿತ್ರ. ಆದರೂ ಆ ಗಡಿಯಾರದ ಕೆಳಗೆ ನಿಂತು ಹೊತ್ತು ತಿಳಿಯದೆ ಹೋಗುವವರಿಲ್ಲ. ಅಂಕಿ ಅಲ್ಲಿ ನಾಡಿನ ಗುರುತು, ಹೊತ್ತು ಹೇಳುವ ಕೆಲಸ ಮುಳ್ಳಿನದು. ಮೈಸೂರಿನ ಶಿಲ್ಪಿಗಳು ಅಂಕಿ ಉಳಿಸಿಕೊಂಡದ್ದೂ ಯಾಕೋಬ್ಸೆನ್ ಬಿಟ್ಟದ್ದೂ ತಂತಮ್ಮ ಊರಿಗೆ ತಕ್ಕ ನಿರ್ಧಾರಗಳೇ. ಲಾಲ್‌ಬಾಗಿನಲ್ಲಿ ಎಚ್‌ಎಂಟಿ 1983ರಲ್ಲಿ ನಿಲ್ಲಿಸಿದ 7 ಮೀಟರ್ ಅಗಲದ ಹೂವಿನ ಗಡಿಯಾರದಲ್ಲಂತೂ ಮುಖವೆಲ್ಲ ಗಿಡಗಳೇ. ಅಲ್ಲಿಯೂ ದಾರಿಹೋಕರು ಮುಳ್ಳು ನೋಡಿಯೇ ಹೊತ್ತು ಹೇಳುತ್ತಾರೆ.

ಅಂಕಿ ತೆಗೆದ ಮೇಲೆ ಉಳಿದದ್ದಕ್ಕೆ ಬಹಳ ನಿಗಾ ಬೇಕು. ಗಂಟೆಯ ಮುಳ್ಳು ಮತ್ತು ನಿಮಿಷದ ಮುಳ್ಳಿನ ಉದ್ದ ಸಮೀಪಕ್ಕೆ ಬಂದರೆ 12.05 ಮತ್ತು 1 ಗಂಟೆ ಒಂದೇ ಎಂಬಂತೆ ಕಾಣುತ್ತವೆ. ನಿಮಿಷದ ಮುಳ್ಳು ಅಂಚಿನ ಗೆರೆಯವರೆಗೆ ಚಾಚದಿದ್ದರೆ ಕಣ್ಣು ಉಳಿದ ಅಂತರವನ್ನು ಊಹಿಸಬೇಕು. ಮುಳ್ಳಿಗೆ ಬಂಗಾರದ ಬಣ್ಣ, ಮುಖಕ್ಕೆ ಹೊಳಪು ಕೊಟ್ಟರೆ ಕಿಟಕಿಯ ಬೆಳಕು ಬಿದ್ದಾಗ ಎರಡೂ ಕಲಸಿಹೋಗುತ್ತವೆ. ಡೇನಿಷ್ ಗಡಿಯಾರಗಳ ಸೊಗಸು ಇರುವುದು ಈ ಚಿಕ್ಕ ಚಿಕ್ಕ ಲೆಕ್ಕಗಳಲ್ಲಿ. ಅವುಗಳ ಬೇರು ನಿಲ್ದಾಣ, ಪುರಭವನ, ಬ್ಯಾಂಕುಗಳಲ್ಲಿದೆ. ಅಲ್ಲಿ ನೂರಾರು ಅಪರಿಚಿತರು ದೂರದಿಂದ ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. ಆ ಪರೀಕ್ಷೆ ಗೆದ್ದ ಮುಖ ಮನೆಯಲ್ಲಿ ಸೋಲುವುದು ಕಷ್ಟ.

ಇಂದು ಈ ಗಡಿಯಾರಗಳನ್ನು ತಯಾರಿಸುತ್ತಿರುವುದು ಡೆನ್ಮಾರ್ಕಿನ ರೋಸೆಂಡಾಲ್ ಕಂಪನಿ. 21, 29 ಮತ್ತು 48 ಸೆಂಟಿಮೀಟರ್ ಅಗಲದಲ್ಲಿ ಗೋಡೆ ಗಡಿಯಾರ ಸಿಗುತ್ತವೆ. ಒಳಗಿನ ಯಂತ್ರ ನಮ್ಮ ಮನೆಯ ಗಡಿಯಾರದ್ದೇ ಜಾತಿ, ಕ್ವಾರ್ಟ್ಜ್. ಸಣ್ಣ ಸೆಲ್ಲಿನ ವಿದ್ಯುತ್ತು ತಾಗಿದಾಗ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ 1 ಬರುತ್ತದೆ. ಒಳಗಿನ ಚಿಪ್ ಮಾಡುವುದು ಅದನ್ನೇ, ಸೆಕೆಂಡಿಗೊಂದು ಹೆಜ್ಜೆ. ಲೋಲಕ ಬೇಡ, ಚಾವಿ ಬೇಡ, ಕರೆಂಟ್ ಹೋದರೂ ಚಿಂತೆಯಿಲ್ಲ.

ಮೋರ್ಬಿಯಿಂದ ಬಂದ ಗಡಿಯಾರ

ಕ್ವಾರ್ಟ್ಜ್ ಬಂದ ಮೇಲೆ ಗೋಡೆ ಗಡಿಯಾರ ಉಳ್ಳವರ ಪಡಸಾಲೆಯಿಂದ ಇಳಿದು ಎಲ್ಲರ ಮನೆಗೂ ಬಂತು. ನಮ್ಮ ಕಡೆ ಆ ಕೆಲಸ ಮಾಡಿದ್ದು ಗುಜರಾತಿನ ಮೋರ್ಬಿ. ಅಲ್ಲಿ ಶಾಲಾ ಮೇಷ್ಟರಾಗಿದ್ದ ಒಧವ್‌ಜಿ ಪಟೇಲ್ 1971ರಲ್ಲಿ ಕಟ್ಟಿದ ಅಜಂತಾ ಕಂಪನಿಯ ಗಡಿಯಾರ ಕಾಣದ ಹಳ್ಳಿ ಹುಡುಕುವುದು ಕಷ್ಟ. ಯಾಕೋಬ್ಸೆನ್ ಕೊನೆಯ ಗಡಿಯಾರ ಬಿಡಿಸಿದ್ದು ಕೂಡ 1971ರಲ್ಲಿಯೇ. ಒಬ್ಬರ ಮುಖ, ಇನ್ನೊಬ್ಬರ ಬೆಲೆ: ಎರಡೂ ಜನರ ಗೋಡೆಗೆ ಬೇಕಾದ ಸಂಗತಿಗಳೇ.

ರಟ್ಟೀಹಳ್ಳಿಯಂಥ ಊರುಗಳಲ್ಲಿ ಗಡಿಯಾರವನ್ನು ಆರಿಸಿ ಕೊಳ್ಳುವುದಕ್ಕಿಂತ ಅದು ತಾನಾಗಿ ಮನೆಗೆ ಬರುವುದೇ ಹೆಚ್ಚು. ಮದುವೆಯ ಆಯೇರಿಯಲ್ಲಿ, ಮನೆ ಓಪನಿಂಗಿನಲ್ಲಿ, ನಿವೃತ್ತಿಯ ಸನ್ಮಾನದಲ್ಲಿ ಬರುತ್ತದೆ. ಸೊಸೈಟಿ, ಬೀಜ ಗೊಬ್ಬರದ ಅಂಗಡಿ, ಬ್ಯಾಂಕುಗಳೂ ಕೊಡುತ್ತವೆ. ಮುಖದ ಮೇಲೆ ದೇವರ ಚಿತ್ರ, ಕೊಟ್ಟವರ ಹೆಸರು, ಊರು, ಫೋನ್ ನಂಬರು. ಹತ್ತು ವರ್ಷದ ಮೇಲೂ ‘ಇದು ಸ್ವಾದರಮಾವ ಕೊಟ್ಟ ಗಡಿಯಾರ’ ಎಂದು ನೆನೆಯುವ ಪ್ರೀತಿ ಅದರಲ್ಲಿದೆ. ಅದನ್ನು ಇಳಿಸಿ ಬೇರೆಯದನ್ನು ತೂಗುಹಾಕಬೇಕೆಂದು ಯಾವ ವಿನ್ಯಾಸಗಾರನೂ ಹೇಳಲಾರ. ಆದರೆ ಕನ್ನಡಕ ಬಂದ ಅಜ್ಜಿಗೆ ಹಾಸಿಗೆಯಿಂದಲೇ ಹೊತ್ತು ಕಾಣಬೇಕು, ಮೂರನೆಯ ಇಯತ್ತೆಯ ಹುಡುಗಿ ‘ಕಾಲು’, ‘ಅರ್ಧ’, ‘ಮುಕ್ಕಾಲು’ ಕಲಿಯಬೇಕು ಎಂದಾಗ ಇನ್ನೊಂದು ಗೋಡೆಗೆ ಓದಲು ಸುಲಭವಾದ ಮುಖವೊಂದನ್ನು ಆರಿಸಬಹುದು.

ಅದಕ್ಕೆ ಡೆನ್ಮಾರ್ಕಿಗೆ ಹೋಗಬೇಕಿಲ್ಲ, ಅಲ್ಲಿನವರು ಕೇಳಿಕೊಂಡ ಪ್ರಶ್ನೆಗಳನ್ನು ರಟ್ಟೀಹಳ್ಳಿ ಪೇಟೆಯ ಅಂಗಡಿಯಲ್ಲಿಯೇ ಕೇಳಿಕೊಂಡರೆ ಸಾಕು. ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡುವುದರಿಂದ ಏನೂ ತಿಳಿಯದು. ಅಂಗಡಿಯವರ ಕೈಗೆ ಕೊಟ್ಟು, ಪಡಸಾಲೆಯ ಉದ್ದದಷ್ಟು ಹಿಂದೆ ಸರಿದು ನೋಡಬೇಕು. ಮುಳ್ಳುಗಳ ಉದ್ದದ ವ್ಯತ್ಯಾಸ ಅಲ್ಲಿಂದ ತಿಳಿಯುತ್ತದೆಯೇ? ಬಿಳಿ ಮೇಲೆ ಕಪ್ಪು ಇದೆಯೇ, ಚಿತ್ರದ ಮೇಲೆ ಚಿತ್ರ ಇದೆಯೇ? ಗಾಜಿನಲ್ಲಿ ಬಾಗಿಲ ಬೆಳಕು ಹೊಳೆದು ಮುಖ ಮುಚ್ಚುತ್ತದೆಯೇ? ಚಿಕ್ಕ ಮಕ್ಕಳಿದ್ದರೆ ‘ಸ್ಟೇಷನ್’ ಜಾತಿಯ, ಹನ್ನೆರಡೂ ಅಂಕಿ ಇರುವ ಗಡಿಯಾರವೇ ಒಳ್ಳೆಯದು. ಗೆರೆ ಮಾತ್ರ ಇರುವುದನ್ನು ಓದಲು ಮೊದಲು ಅಂಕಿಯ ಜಾಗ ಮನಸ್ಸಿನಲ್ಲಿ ಕೂತಿರಬೇಕು. ಮಲಗುವ ಕೋಣೆಗಾದರೆ ಕಿವಿಗೆ ಹಿಡಿದು ಸೆಕೆಂಡ್ ಮುಳ್ಳಿನ ಸದ್ದನ್ನೂ ಕೇಳಬೇಕು. ತೂಗುಹಾಕುವ ಗೋಡೆಯ ವಿಚಾರದಲ್ಲಿ ಬಹಳ ಮನೆಗಳು ದಕ್ಷಿಣವನ್ನು ಬಿಡುತ್ತವೆ. ಉಳಿದ ಮೂರರಲ್ಲಿ ಕಿಟಕಿಗೆ ನೇರ ಎದುರಿಲ್ಲದ, ಅಡುಗೆ ಮನೆಯ ಬಾಗಿಲಿನಿಂದಲೂ ಕಾಣುವ ಜಾಗ ಸಿಕ್ಕರೆ ಇಡೀ ಮನೆಗೆ ಒಂದೇ ಗಡಿಯಾರ ಸಾಕಾಗುತ್ತದೆ.

ಕಟ್ಟಕಡೆಯ ಪರೀಕ್ಷೆ ನಡೆಯುವುದು ರಾತ್ರಿ. ಈ ವಾರ ತ್ರೀ ಫೇಸ್ ಬೆಳಗಿನ ಜಾವ ನಾಲ್ಕಕ್ಕೆ ಎಂದು ತಿಳಿದ ರೈತ ಮೂರೂಮುಕ್ಕಾಲಿಗೆ ಕಣ್ಣು ಬಿಡುತ್ತಾನೆ. ಪಡಸಾಲೆಯಲ್ಲಿ ಝೀರೋ ಬಲ್ಬಿನ ಬೆಳಕು. ಮಲಗಿದ ಮಕ್ಕಳನ್ನು ಎಬ್ಬಿಸದಂತೆ, ದೀಪ ಹಾಕದೆ, ಗೋಡೆಯ ಕಡೆ ನೋಡುತ್ತಾನೆ. ಗಿಡ್ಡ ಮುಳ್ಳು ನಾಲ್ಕರ ಹತ್ತಿರ, ಉದ್ದ ಮುಳ್ಳು ಎಡಕ್ಕೆ ಅಡ್ಡ. ಇನ್ನೂ ಹದಿನೈದು ನಿಮಿಷವಿದೆ. ಟವೆಲ್ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಪೆಟ್ಟಿಗೆಯ ಕೀಲಿ ತೆಗೆದುಕೊಂಡು ಅವನು ಹೊಸ್ತಿಲು ದಾಟುತ್ತಾನೆ.